ಮೂರು ಕಡೆ ನಿಂತ ಬೆಳಕು

ಡಿಜಿಟಲ್ ಕ್ಯಾಮೆರಾದಲ್ಲಿ ಶಟರಿನ ವೇಗವನ್ನು ಕಡಿಮೆ ಮಾಡುತ್ತ ಹೋದರೆ ಸಾಮಾನ್ಯವಾಗಿ 30 ಸೆಕೆಂಡಿಗೆ ಅಂಕಿಗಳು ಮುಗಿದುಹೋಗುತ್ತವೆ. ಅದರಾಚೆ ‘ಬಲ್ಬ್’ ಎಂಬ ಒಂದು ಪದ ಬರುತ್ತದೆ. ಹೊಸದಾಗಿ ಕ್ಯಾಮೆರಾ ಕೊಂಡವರು ಇದು ಫ್ಲ್ಯಾಶಿಗೋ ದೀಪಕ್ಕೋ ಸಂಬಂಧಿಸಿದ್ದೆಂದು ಭಾವಿಸುವುದುಂಟು. ಹಾಗೇನೂ ಇಲ್ಲ. ಹಳೆಯ ಕಾಲದ ಮರದ ಕ್ಯಾಮೆರಾಗಳಿಗೆ ಒಂದು ಕೊಳವೆ, ಅದರ ತುದಿಗೆ ಒಂದು ರಬ್ಬರಿನ ಉಂಡೆ ಇರುತ್ತಿತ್ತು. ಉಂಡೆಯನ್ನು ಅಮುಕಿದರೆ ಗಾಳಿ ನುಗ್ಗಿ ಶಟರ್ ತೆರೆಯುತ್ತಿತ್ತು, ಕೈ ಬಿಟ್ಟರೆ ಮುಚ್ಚುತ್ತಿತ್ತು. ಆ ಉಂಡೆಯ ಹೆಸರೇ ಬಲ್ಬ್. ರಬ್ಬರ್ ಹೋಯಿತು, ಕೊಳವೆ ಹೋಯಿತು, ಹೆಸರು ಮಾತ್ರ ಇಂದಿನ ಕ್ಯಾಮೆರಾದ ಪರದೆಯ ಮೇಲೂ ಉಳಿದುಕೊಂಡಿದೆ. ಅದರ ಅರ್ಥ ಇಷ್ಟೇ: ಇಲ್ಲಿಂದ ಮುಂದೆ ಲೆಕ್ಕ ಇಡುವುದು ನಿನ್ನ ಕೆಲಸ, ನನ್ನದಲ್ಲ.

ನನಗೆ ಇಷ್ಟವಾದದ್ದು ಈ ಬಲ್ಬ್ ಕಡೆಯ ಲೋಕ. ನನ್ನ ಗೆಳೆಯರೆಲ್ಲ ಹಕ್ಕಿಗಳ ಹಿಂದೆ ಬಿದ್ದವರು. ಮಿಂಚುಳ್ಳಿ ನೀರಿಗೆ ಧುಮುಕುವುದನ್ನು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಲ್ಲಿ ಹಿಡಿದು, ಒಂದು ಬೆಳಗಿನಲ್ಲಿ ಸಾವಿರ ಚಿತ್ರ ತೆಗೆದು ಬರುತ್ತಾರೆ. ನಾನು ಒಂದು ಸಂಜೆಗೆ ನಾಲ್ಕು ಚಿತ್ರ ತೆಗೆದರೆ ಹೆಚ್ಚು. ನನ್ನ ಚೀಲದಲ್ಲಿ ಇರುವುದು ಒಂದು ಹಳೆಯ ಕ್ಯಾಮೆರಾ, ಭಾರದ ಟ್ರೈಪಾಡ್, ಬಟನ್ ಒತ್ತಿ ಹಿಡಿಯಲು ಒಂದು ತಂತಿಯ ರಿಮೋಟ್, ಮತ್ತೆ ಲೆನ್ಸಿನ ಮುಂದೆ ಸಿಕ್ಕಿಸುವ ಕಪ್ಪು ಗಾಜು. ಕಣ್ಣಿಗೆ ಹಿಡಿದು ನೋಡಿದರೆ ಆ ಗಾಜಿನಲ್ಲಿ ಏನೂ ಕಾಣುವುದಿಲ್ಲ. ಅದಕ್ಕೆ ಹತ್ತು ಸ್ಟಾಪಿನ ಫಿಲ್ಟರ್ ಎನ್ನುತ್ತಾರೆ. ಒಂದೊಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕರ್ಧ. ಎರಡನ್ನು ಎರಡರಿಂದ ಹೀಗೇ ಹತ್ತು ಸಲ ಗುಣಿಸುತ್ತ ಹೋದರೆ 1024. ಅಂದರೆ ಸೆಕೆಂಡಿನ ಹದಿನೈದನೇ ಒಂದು ಭಾಗದಲ್ಲಿ ಮುಗಿಯಬೇಕಿದ್ದ ಚಿತ್ರಕ್ಕೆ ಈ ಗಾಜು ಹಾಕಿದರೆ ಒಂದು ನಿಮಿಷಕ್ಕೂ ಮೀರಿದ ಹೊತ್ತು ಬೇಕು.

ಇಂಥ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಜೋಗದ ನೀರು ಹಾಲಿನ ಹಾಗೆ, ಕಡಲಿನ ಅಲೆ ಮಂಜಿನ ಹಾಗೆ ಕಾಣುತ್ತದಲ್ಲ, ಅದು. ಚೆನ್ನಾಗಿರುತ್ತದೆ, ಆದರೆ ಹತ್ತು ನೋಡಿದ ಮೇಲೆ ಹನ್ನೊಂದನೆಯದು ಬೇಡವಾಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ಚಿತ್ರ.

ನಮ್ಮ ಮನೆ ಇರುವುದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡ. ಒಂದು ಸಂಜೆ ಅಂಗಳದಲ್ಲಿ ಟ್ರೈಪಾಡ್ ಇಟ್ಟು, ಕಪ್ಪು ಗಾಜು ಹಾಕಿ, ಜಗಲಿಯ ಕಡೆ ತಿರುಗಿಸಿ ನಾಲ್ಕು ನಿಮಿಷ ಶಟರ್ ತೆರೆದಿಟ್ಟೆ. ಜಗಲಿಯಲ್ಲಿ ಅಪ್ಪ ಕಂಬಕ್ಕೆ ಒರಗಿ ಎಲೆಯಡಿಕೆ ಹಾಕುತ್ತ ಕೂತಿದ್ದ. ಅಮ್ಮ ಆ ನಾಲ್ಕು ನಿಮಿಷದಲ್ಲಿ ತುಳಸಿಗೆ ದೀಪ ಇಟ್ಟಳು, ಹಗ್ಗದ ಮೇಲಿನ ಬಟ್ಟೆ ತೆಗೆದಳು, ಅಪ್ಪನಿಗೆ ಕಾಫಿ ತಂದುಕೊಟ್ಟಳು, ಅಂಗಳದ ಅಂಚಿಗೆ ಹೋಗಿ ಕರುವನ್ನು ಕೂಗಿ ಬಂದಳು. ಚಿತ್ರ ಪರದೆಯ ಮೇಲೆ ಬಂದಾಗ ಅಪ್ಪ ಇದ್ದ. ಅಗಿಯುತ್ತಿದ್ದ ದವಡೆಯಷ್ಟೇ ಮಸುಕು, ಉಳಿದಂತೆ ಅಪ್ಪನೇ. ಅಮ್ಮ ಇರಲಿಲ್ಲ. ಒಂದು ನೆರಳಿನಷ್ಟೂ ಇರಲಿಲ್ಲ. ತುಳಸಿಯ ಮುಂದೆ ದೀಪ ಇತ್ತು. ಹಗ್ಗದ ಮೇಲೆ ಅವಳ ಸೀರೆ ಇತ್ತು, ಆದರೆ ಅರ್ಧ ಮಾತ್ರ: ಸೀರೆಯ ಮೂಲಕ ಹಿಂದಿನ ಗೋಡೆ ಕಾಣುತ್ತಿತ್ತು. ನಾಲ್ಕು ನಿಮಿಷದಲ್ಲಿ ಎರಡು ನಿಮಿಷ ಹಗ್ಗದ ಮೇಲಿದ್ದ ಸೀರೆ ಚಿತ್ರದಲ್ಲೂ ಅರ್ಧವೇ ಇರುತ್ತದೆ.

ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು. “ಅಷ್ಟೊತ್ತು ಓಡಾಡಿದ್ದು ನಾನು. ಕೂತವರದ್ದು ಮಾತ್ರ ಬರೋದಾ ನಿನ್ನ ಕ್ಯಾಮೆರಾದಲ್ಲಿ?” ಅಂದಳು. ಅಪ್ಪ ಕಾಫಿ ಲೋಟದ ಹಿಂದೆ ನಕ್ಕ.

ಅಮ್ಮ ಕೇಳಿದ ಪ್ರಶ್ನೆ ಫೋಟೋಗ್ರಫಿಯಷ್ಟೇ ಹಳೆಯದು. 1838ರಲ್ಲಿ ಲೂಯಿ ಡಾಗೇರ್ ಪ್ಯಾರಿಸ್ಸಿನ ತನ್ನ ಕಿಟಕಿಯಿಂದ ಬುಲೆವಾರ್ ದು ಟಾಂಪ್ಲ್ ಎಂಬ ಬೀದಿಯ ಚಿತ್ರ ತೆಗೆದ. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಬೆಳಕು ಮೂಡಲು ಆಗ ನಿಮಿಷಗಟ್ಟಲೆ ಬೇಕಿತ್ತು. ಜನ, ಕುದುರೆಗಾಡಿಗಳಿಂದ ತುಂಬಿದ್ದ ಬೀದಿ ಅದು. ಆದರೆ ಚಿತ್ರದಲ್ಲಿ ಬಿಕೋ ಎನ್ನುತ್ತದೆ. ಓಡಾಡುತ್ತಿದ್ದ ಒಬ್ಬರೂ ತಗಡಿನ ಮೇಲೆ ಉಳಿಯಲಿಲ್ಲ. ಎಡಗಡೆ ಕೆಳಮೂಲೆಯಲ್ಲಿ ಒಬ್ಬ ಮನುಷ್ಯ ಮಾತ್ರ ಕಾಣುತ್ತಾನೆ. ಅವನು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ಕಾಲು ಎತ್ತಿಟ್ಟು ನಿಂತಿದ್ದ. ಪಾಲಿಶ್ ಹಾಕುವವನೂ ಇದ್ದಾನೆ, ಆದರೆ ಕೈ ಆಡಿಸುತ್ತಿದ್ದುದರಿಂದ ಇನ್ನಷ್ಟು ಮಸುಕು. ಟೆಲಿಗ್ರಾಫಿನ ಸ್ಯಾಮ್ಯುಯೆಲ್ ಮೋರ್ಸ್ 1839ರಲ್ಲಿ ಪ್ಯಾರಿಸ್ಸಿಗೆ ಹೋಗಿದ್ದಾಗ ಇದನ್ನು ನೋಡಿ, ತುಂಬಿದ ಬೀದಿ ಖಾಲಿಯಾಗಿ ಕಾಣುತ್ತದೆ, ಬೂಟು ಉಜ್ಜಿಸಿಕೊಳ್ಳುವವನೊಬ್ಬನೇ ಉಳಿದಿದ್ದಾನೆ ಎಂಬರ್ಥದಲ್ಲಿ ಕಾಗದ ಬರೆದ. ಫೋಟೋದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯ ಎಂದು ಅವನನ್ನು ಕರೆಯುವುದು ವಾಡಿಕೆ. ಅವನು ಮಾಡಿದ ಘನಕಾರ್ಯವೆಂದರೆ ನಿಂತದ್ದು.

ದೀರ್ಘ ಎಕ್ಸ್‌ಪೋಶರಿನ ನ್ಯಾಯವೇ ಅದು. ಅದು ಮುಖ ನೋಡುವುದಿಲ್ಲ, ಕೆಲಸ ನೋಡುವುದಿಲ್ಲ. ಯಾವ ಜಾಗದಿಂದ ಎಷ್ಟು ಹೊತ್ತು ಎಷ್ಟು ಬೆಳಕು ಬಂತು ಎಂದು ಕೂಡುತ್ತ ಹೋಗುತ್ತದೆ. ಈ ಕೂಡುವ ಕೆಲಸದಲ್ಲಿ ಡಿಜಿಟಲ್ ಸೆನ್ಸರ್ ಫಿಲ್ಮಿಗಿಂತ ಪ್ರಾಮಾಣಿಕ. ಫಿಲ್ಮಿಗೆ ದೀರ್ಘ ಎಕ್ಸ್‌ಪೋಶರಿನಲ್ಲಿ ಸೋಮಾರಿತನ ಬರುತ್ತದೆ. ಮಂದ ಬೆಳಕನ್ನು ಎರಡು ಪಟ್ಟು ಹೊತ್ತು ಬೀಳಿಸಿದರೂ ಅದು ಎರಡು ಪಟ್ಟು ದಾಖಲಿಸುವುದಿಲ್ಲ. ಕಪ್ಪುರಂಧ್ರಗಳ ಗಣಿತದಲ್ಲಿ ಹೆಸರು ಕೇಳಿಬರುವ ಕಾರ್ಲ್ ಶ್ವಾರ್ಜ್‌ಶೀಲ್ಡ್ ಈ ಸೋಮಾರಿತನಕ್ಕೆ ಒಂದು ಸೂತ್ರ ಬರೆದಿಟ್ಟಿದ್ದ. ಸೆನ್ಸರ್ ಹಾಗಲ್ಲ. ಅದರ ಒಂದೊಂದು ಪಿಕ್ಸೆಲ್ ಮಳೆಗೆ ಇಟ್ಟ ಚೊಂಬಿನ ಹಾಗೆ, ಬಿದ್ದಷ್ಟೂ ತುಂಬುತ್ತದೆ. ತುಂಬಿ ತುಳುಕುವವರೆಗೆ ಲೆಕ್ಕ ತಪ್ಪುವುದಿಲ್ಲ.

ಅದಕ್ಕೆ ಇರುವ ಕಾಯಿಲೆ ಬೇರೆ: ಬಿಸಿ. ಸೆನ್ಸರ್ ಕೆಲಸ ಮಾಡುತ್ತ ಮಾಡುತ್ತ ಬೆಚ್ಚಗಾಗುತ್ತದೆ. ಬೆಳಕೇ ಬೀಳದಿದ್ದರೂ ಶಾಖದಿಂದಲೇ ಪಿಕ್ಸೆಲ್‌ಗಳಲ್ಲಿ ಎಲೆಕ್ಟ್ರಾನುಗಳು ತುಂಬುತ್ತವೆ. ಸುಮಾರು ಆರೇಳು ಡಿಗ್ರಿ ಬಿಸಿ ಹೆಚ್ಚಿದರೆ ಈ ಸುಳ್ಳು ಬೆಳಕು ಎರಡು ಪಟ್ಟಾಗುತ್ತದೆ. ಬೇಸಿಗೆಯ ರಾತ್ರಿ ಅರ್ಧ ಗಂಟೆ ಶಟರ್ ತೆರೆದಿಟ್ಟರೆ ಆಕಾಶದಲ್ಲಿ ಇಲ್ಲದ ಕೆಂಪು, ಹಸಿರು, ನೀಲಿ ಚುಕ್ಕಿಗಳು ಚಿತ್ರದ ತುಂಬ ಎದ್ದು ಕೂರುತ್ತವೆ. ಇದಕ್ಕೆ ಕ್ಯಾಮೆರಾದೊಳಗೇ ಒಂದು ಮದ್ದು ಇದೆ. ಚಿತ್ರ ತೆಗೆದ ಮೇಲೆ, ಶಟರ್ ಮುಚ್ಚಿಕೊಂಡು, ಅಷ್ಟೇ ಹೊತ್ತು ಇನ್ನೊಂದು ಚಿತ್ರ ತೆಗೆಯುತ್ತದೆ. ಬರೀ ಕತ್ತಲಿನ ಚಿತ್ರ. ಆ ಕತ್ತಲಲ್ಲೂ ಎಲ್ಲೆಲ್ಲಿ ಚುಕ್ಕಿ ಕಂಡಿತೋ ಅದೆಲ್ಲ ತನ್ನ ಮೈಯ ಬಿಸಿ ಎಂದು ತಿಳಿದು, ಮೊದಲಿನ ಚಿತ್ರದಿಂದ ಅದನ್ನು ಕಳೆಯುತ್ತದೆ. ಇದಕ್ಕೆ ಡಾರ್ಕ್ ಫ್ರೇಮ್ ಎಂದು ಹೆಸರು. ನಲವತ್ತು ನಿಮಿಷದ ಚಿತ್ರಕ್ಕೆ ಇನ್ನೂ ನಲವತ್ತು ನಿಮಿಷ ಕಾಯಬೇಕು. ಬ್ಯಾಟರಿ ಮಧ್ಯದಲ್ಲಿ ಸತ್ತರೆ ಎಲ್ಲವೂ ಹೋಯಿತು. ಆದರೂ ಈ ಏರ್ಪಾಡಿನ ಮೇಲೆ ನನಗೆ ಗೌರವ. ಕಂಡದ್ದನ್ನು ಹೇಳುವ ಮೊದಲು ಕಣ್ಣು ಮುಚ್ಚಿಕೊಂಡು, ಇದರಲ್ಲಿ ನನ್ನದೆಷ್ಟು ಎಂದು ನೋಡಿಕೊಳ್ಳುವ ಯಂತ್ರ ಅದು.

ಖಗೋಳ ವಿಜ್ಞಾನಿಗಳಿಗೂ ಇದೇ ಪಾಡು, ದೊಡ್ಡ ಪ್ರಮಾಣದಲ್ಲಿ. ಅವರು ದ್ರವ ಸಾರಜನಕದಿಂದ ತಮ್ಮ ಕ್ಯಾಮೆರಾಗಳನ್ನು ತಣ್ಣಗಿಡುತ್ತಾರೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, ನಮ್ಮ ದೇಶದ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅದನ್ನು ಉಪಗ್ರಹದ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕೂತು. ಕೆಲಸದ ಮೇಲೆ ಹೊಸಕೋಟೆಯ ಕಡೆ ಹೋದಾಗಲೆಲ್ಲ, ಇಷ್ಟು ಲಾರಿ, ಇಷ್ಟು ದೀಪಗಳ ನಡುವೆ ಯಾರೋ ಒಬ್ಬರು ಹಾನ್ಲೆಯ ಕತ್ತಲನ್ನು ತೆರೆದಿಟ್ಟುಕೊಂಡು ಕಾಯುತ್ತಿರಬಹುದು ಎಂದು ನೆನೆದು ಖುಷಿಯಾಗುತ್ತದೆ.

ಹೀಗೆ ಕಾಯುವುದರಿಂದ ಏನು ಸಿಗುತ್ತದೆ ಎನ್ನುವುದಕ್ಕೆ ದೊಡ್ಡ ಉದಾಹರಣೆ 1995ರ ಡಿಸೆಂಬರಿನದು. ಹಬಲ್ ದೂರದರ್ಶಕವನ್ನು ಸಪ್ತರ್ಷಿ ಮಂಡಲದೊಳಗಿನ, ಹೆಚ್ಚುಕಡಿಮೆ ಏನೂ ಇಲ್ಲವೆಂದು ಕಾಣುತ್ತಿದ್ದ ಒಂದು ಚೂರು ಆಕಾಶದ ಕಡೆ ತಿರುಗಿಸಿ ಹತ್ತು ದಿನ ನೋಡಿಸಿದರು. ಆ ಚೂರು ಎಷ್ಟು ಚಿಕ್ಕದೆಂದರೆ, ಚಾಚಿದ ಕೈಯಲ್ಲಿ ಹಿಡಿದ ಒಂದು ಮರಳಿನ ಕಾಳು ಅದನ್ನು ಮರೆಮಾಡೀತು. ಒಂದೇ ಸಲ ತೆರೆದಿಡಲಿಲ್ಲ. 342 ಬೇರೆ ಬೇರೆ ಚಿತ್ರ ತೆಗೆದು ಸೇರಿಸಿದರು. ಏನೂ ಇಲ್ಲ ಎಂದಿದ್ದ ಕಡೆ ಸುಮಾರು ಮೂರು ಸಾವಿರ ಗೆಲಾಕ್ಸಿಗಳು ಕಂಡವು. ಅಲ್ಲಿ ಹೊಸದಾಗಿ ಏನೂ ಹುಟ್ಟಿರಲಿಲ್ಲ. ಅದುವರೆಗೆ ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ.

ನಮ್ಮ ಅಂಗಳದ ಆಕಾಶಕ್ಕೆ ಬರುತ್ತೇನೆ. ಜನವರಿಯಲ್ಲಿ ಮಲೆನಾಡಿನ ರಾತ್ರಿ ತಣ್ಣಗೆ, ತಿಳಿಯಾಗಿರುತ್ತದೆ. ಸೆನ್ಸರಿಗೂ ಹಿತ. ಕ್ಯಾಮೆರಾವನ್ನು ಉತ್ತರಕ್ಕೆ ತಿರುಗಿಸಿ ಶಟರ್ ತೆರೆದಿಟ್ಟರೆ ನಕ್ಷತ್ರಗಳು ಚುಕ್ಕಿಯಾಗಿ ಉಳಿಯುವುದಿಲ್ಲ, ಬಳೆಯ ತುಂಡುಗಳ ಹಾಗೆ ಬಾಗಿದ ಗೆರೆಗಳಾಗುತ್ತವೆ. ತಿರುಗುವುದು ಅವಲ್ಲ, ನಾವು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಲವತ್ತು ನಿಮಿಷಕ್ಕೆ ಹತ್ತು ಡಿಗ್ರಿ. ಎಲ್ಲ ಗೆರೆಗಳೂ ಒಂದು ಕೇಂದ್ರದ ಸುತ್ತ ಬಾಗಿರುತ್ತವೆ, ಆ ಕೇಂದ್ರದ ಹತ್ತಿರ ಧ್ರುವ ನಕ್ಷತ್ರ. ಅದು ದಿಗಂತದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂದರೆ ನಾವಿರುವ ಊರಿನ ಅಕ್ಷಾಂಶದಷ್ಟೇ. ನಮ್ಮೂರಿಗೆ ಅಂದಾಜು 14 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ. ಅಷ್ಟು ಕೆಳಗಿರುವ ನಕ್ಷತ್ರ ತೋಟದ ಅಡಿಕೆ ಮರಗಳ ಹಿಂದೆ ಅಡಗಿಬಿಡುತ್ತದೆ. ಅಂಗಳದಿಂದ ನಾನು ಧ್ರುವನನ್ನು ಒಮ್ಮೆಯೂ ನೋಡಿಲ್ಲ. ಆದರೆ ಸುತ್ತಲಿನ ಗೆರೆಗಳ ಬಾಗು ನೋಡಿ, ಯಾವ ಮರದ ಚಂಡೆಯ ಹಿಂದೆ ಇದ್ದಾನೆ ಎಂದು ಬೆರಳಿಟ್ಟು ತೋರಿಸಬಲ್ಲೆ. ಅಂದಹಾಗೆ, ಧ್ರುವನೂ ಅಲುಗಾಡದೆ ಕೂತವನೇನಲ್ಲ. ನಿಜವಾದ ಕೇಂದ್ರದಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಸರಿದಿದ್ದಾನೆ. ಇಡೀ ರಾತ್ರಿಯ ಚಿತ್ರದಲ್ಲಿ ಅವನದೂ ಒಂದು ಪುಟ್ಟ ಕಮಾನು ಬೀಳುತ್ತದೆ.

ಹೋದ ವರ್ಷದ ಜನವರಿ, ಅಮಾವಾಸ್ಯೆಯ ಹಿಂದುಮುಂದಿನ ಒಂದು ರಾತ್ರಿ. ಎಂಟೂವರೆಗೆ ನಲವತ್ತು ನಿಮಿಷದ ಒಂದೇ ಎಕ್ಸ್‌ಪೋಶರಿಗೆ ಇಟ್ಟೆ. ಈಗ ಹೆಚ್ಚಿನವರು ಮೂವತ್ತು ಸೆಕೆಂಡಿನ ಎಂಬತ್ತು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸುತ್ತಾರೆ. ಆ ಕ್ರಮದಲ್ಲಿ ಬಿಸಿಯ ಕಾಟ ಕಡಿಮೆ. ಆದರೆ ಅಲ್ಲಿ ಸಾಮಾನ್ಯವಾಗಿ ಒಂದೊಂದು ಬಿಂದುವಿನಲ್ಲೂ ಅತಿ ಹೆಚ್ಚು ಬೆಳಕಿದ್ದ ಚಿತ್ರದ್ದನ್ನು ಮಾತ್ರ ಉಳಿಸಿಕೊಳ್ಳುತ್ತಾರೆ, ಕೂಡುವುದಿಲ್ಲ. ನನಗೆ ಕೂಡುವುದೇ ಇಷ್ಟ.

ಚೌಕಟ್ಟಿನ ಕೆಳಭಾಗದಲ್ಲಿ ಕೊಟ್ಟಿಗೆಗೆ ಹೋಗುವ ದಾರಿ ಇತ್ತು. ಅಂಗಳದಿಂದ ಇಳಿಜಾರು, ನಾಲ್ಕು ಕಲ್ಲಿನ ಮೆಟ್ಟಿಲು, ದಾಸವಾಳದ ಗಿಡ, ಬಟ್ಟೆ ಒಗೆಯುವ ಕಲ್ಲು, ಆಮೇಲೆ ಕೊಟ್ಟಿಗೆ. ಒಟ್ಟು ನಲವತ್ತು ಹೆಜ್ಜೆ ಇರಬಹುದು. ಮಧ್ಯದಲ್ಲಿ ಅಮ್ಮ ಟಾರ್ಚ್ ಹಿಡಿದು ದನಗಳಿಗೆ ಹುಲ್ಲು ಹಾಕಲು ಹೋದಳು. “ಎಂತ ಮಾಡ್ತಿದೀಯ ಮಾರಾಯ ಈ ಚಳೀಲಿ, ಒಳಗೆ ಹೋಗು” ಎಂದು ನನಗೊಂದು ಮಾತು ಹೇಳಿಯೇ ಹೋದಳು. ನಾನು ಚಳಿ ತಡೆಯದೆ ನಿಜಕ್ಕೂ ಒಳಗೆ ಹೋಗಿ ಬಚ್ಚಲ ಒಲೆಯ ಮುಂದೆ ಕೂತೆ.

ಡಾರ್ಕ್ ಫ್ರೇಮ್ ಎಲ್ಲ ಮುಗಿದು ಚಿತ್ರ ನೋಡುವಾಗ ಹತ್ತು ಗಂಟೆ. ಮೇಲೆ ನಕ್ಷತ್ರಗಳ ಗೆರೆಗಳು, ಈಶಾನ್ಯದಲ್ಲಿ ಆಗಷ್ಟೇ ಮೇಲೇರುತ್ತಿದ್ದ ಸಪ್ತರ್ಷಿಗಳ ಓರೆ ಗೀರು. ಕೆಳಗೆ ಅಮ್ಮ ಇರಲಿಲ್ಲ, ಎಂದಿನಂತೆ. ಅವಳ ಟಾರ್ಚಿನ ಬೆಳಕು ಬಿದ್ದ ದಾರಿ ಇತ್ತು, ಕೊಟ್ಟಿಗೆಯಿಂದ ಮನೆಯವರೆಗೆ ಹಳದಿ ಹೊಳೆಯ ಹಾಗೆ. ಆ ಹೊಳೆ ಒಂದೇ ಸಮನಾಗಿರಲಿಲ್ಲ. ಮೂರು ಕಡೆ ಬೆಳಕು ಮಡುಗಟ್ಟಿತ್ತು. ಒಗೆಯುವ ಕಲ್ಲಿನ ಹತ್ತಿರ ಒಂದು, ದಾಸವಾಳದ ಬುಡದಲ್ಲಿ ಒಂದು, ಮೆಟ್ಟಿಲಿನ ಕೆಳಗೆ ಒಂದು. ಮೆಟ್ಟಿಲಿನ ಹತ್ತಿರದ್ದಂತೂ ಹುಲ್ಲಿನ ಎಸಳು ಕಾಣದಷ್ಟು ಬೆಳ್ಳಗೆ ಸುಟ್ಟುಹೋಗಿತ್ತು.

ಬೆಳಕು ಹೆಚ್ಚು ಬಿದ್ದಿದೆ ಎಂದರೆ ಟಾರ್ಚ್ ಅಲ್ಲಿ ಹೆಚ್ಚು ಹೊತ್ತು ಇತ್ತು ಎಂದರ್ಥ.

ಮಾರನೇ ಬೆಳಿಗ್ಗೆ ಕೇಳಿದೆ. “ಹಾವು ಗೀವು ಇದೆಯಾ ಅಂತ ನೋಡ್ತಿದ್ದೆ” ಅಂದಳು. ಸರಿ ಎನಿಸಿತು. ಆ ರಾತ್ರಿ ಕ್ಯಾಮೆರಾವನ್ನು ಅದೇ ಜಾಗದಲ್ಲಿ ಇಟ್ಟೆ. ಅದರ ಮರುರಾತ್ರಿಯೂ ಇಟ್ಟೆ. ಮೂರು ರಾತ್ರಿಯ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಕ್ಷತ್ರಗಳೂ ಅಲ್ಲಲ್ಲೇ, ಬೆಳಕಿನ ಮಡುಗಳೂ ಅಲ್ಲಲ್ಲೇ. ಮೂರು ದಿನವೂ ಹಾವು ಅದೇ ಮೂರು ಕಡೆ ಮಲಗಿರುತ್ತದೆಯೇ? ಮೂರನೇ ರಾತ್ರಿ ಒಲೆಯ ಮುಂದೆ ಹೋಗದೆ ಅಂಗಳದ ಕತ್ತಲಲ್ಲೇ ನಿಂತು ನೋಡಿದ್ದೆ. ಹೋಗುವಾಗ ಅಮ್ಮ ಎಲ್ಲೂ ನಿಲ್ಲಲಿಲ್ಲ. ಏರು ಹತ್ತಿ ಬರುವಾಗ ನಿಂತಳು. ಟಾರ್ಚನ್ನು ನೆಲಕ್ಕೆ ಹಿಡಿದು, ಇನ್ನೊಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು, ತಲೆ ತಗ್ಗಿಸಿ ನಿಂತಳು. ಉಸಿರಾಟದ ಸದ್ದು ನಾನು ನಿಂತಲ್ಲಿಗೆ ಕೇಳುತ್ತಿತ್ತು. ಎಣಿಸಿದೆ. ಮೆಟ್ಟಿಲಿನ ಕೆಳಗೆ ನಲವತ್ತಕ್ಕೂ ಹೆಚ್ಚು ಎಣಿಕೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಏನೂ ಆಗದವಳ ಹಾಗೆ ಮೆಟ್ಟಿಲು ಹತ್ತಿ ಬಂದಳು. ಬಂದವಳೇ ಕೇಳಿದ್ದು, “ಊಟಕ್ಕೆ ಬಡಿಸ್ಲಾ?”

ಶಿವಮೊಗ್ಗದಲ್ಲಿ ಡಾಕ್ಟರರು ಸ್ಟೆತಾಸ್ಕೋಪ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎಕೋ ಮಾಡಿಸಿದರು. ಹೃದಯದಿಂದ ರಕ್ತ ಹೊರಗೆ ಹೋಗುವ ಬಾಗಿಲಿನಲ್ಲಿರುವ ಕವಾಟ ಗಟ್ಟಿಯಾಗಿ ಕಿರಿದಾಗಿತ್ತು. “ಎಷ್ಟು ದಿನದಿಂದ ಸುಸ್ತು ಅಮ್ಮಾ?” ಎಂದು ಕೇಳಿದರೆ, “ಸುಸ್ತು ಎಂತದ್ದೂ ಇಲ್ಲ, ವಯಸ್ಸಾಯ್ತಲ್ಲ” ಅಂದಳು. ಡಾಕ್ಟರರು ನನ್ನ ಕಡೆ ತಿರುಗಿ, “ಇಂಥವರು ಹೇಳೋದಿಲ್ಲ. ನಡಿಗೆ ನಿಧಾನ ಮಾಡ್ಕೊಳ್ತಾರೆ, ಅಲ್ಲಲ್ಲಿ ನಿಲ್ತಾರೆ, ಅದೇ ಅಭ್ಯಾಸ ಆಗಿಬಿಡುತ್ತೆ. ನಿಮಗೆ ಹೇಗೆ ಗೊತ್ತಾಯ್ತು?” ಎಂದರು. ನಾನು ಫೋನಿನಲ್ಲಿ ಆ ಚಿತ್ರ ತೋರಿಸಿದೆ. ಅವರು ಹಿಗ್ಗಿಸಿ, ಮೂರೂ ಜಾಗಗಳನ್ನು ಒಂದೊಂದಾಗಿ ನೋಡಿದರು. ಅಮ್ಮ ಮಾತ್ರ ದಾರಿಯುದ್ದಕ್ಕೂ ಬಸ್ಸಿನಲ್ಲಿ, “ಚಾಡಿ ಹೇಳೋ ಕ್ಯಾಮೆರಾ ತಂದು ಮನೇಲಿ ಇಟ್ಕೊಂಡ ಹಾಗಾಯ್ತು” ಎಂದು ಗೊಣಗುತ್ತಲೇ ಇದ್ದಳು.

ಮೇ ತಿಂಗಳಲ್ಲಿ ಕವಾಟ ಬದಲಿಸಿದರು. ಅದಕ್ಕೆ ಮೊದಲಿನ ವಾರಗಳು, ದುಡ್ಡು ಹೊಂದಿಸಿದ್ದು, ಆಸ್ಪತ್ರೆಯ ಕಾರಿಡಾರಿನ ರಾತ್ರಿಗಳು, ಇವೆಲ್ಲ ಎಲ್ಲರ ಮನೆಯಲ್ಲೂ ಒಂದೇ ಥರ. ಬೆಂಚಿನ ಮೇಲೆ ಕೂತು ಕಾಯುವಾಗ ಅಪ್ಪ ಹೆಚ್ಚು ಮಾತಾಡಲಿಲ್ಲ. ಒಮ್ಮೆ ಮಾತ್ರ, “ಅವಳು ನಿಂತಿದ್ದು ನಾನು ನೋಡಿದ್ದೇ ಇಲ್ಲ ನೋಡು” ಅಂದ. ಯಾವ ಅರ್ಥದಲ್ಲಿ ಅಂದನೋ, ನಾನು ಕೇಳಲಿಲ್ಲ.

ಅಮ್ಮ ಮನೆಗೆ ಬರುವ ಮೊದಲು ಅಪ್ಪ ನನ್ನಿಂದ ಆ ಚಿತ್ರದ ಒಂದು ಪ್ರಿಂಟ್ ಕೇಳಿ ಇಸಿದುಕೊಂಡ. ಗೋಡೆಗೆ ಹಾಕಲು ಎಂದುಕೊಂಡಿದ್ದೆ. ಅದನ್ನು ಹಿಡಿದುಕೊಂಡು ಎಲೆಕ್ಟ್ರಿಷಿಯನ್ ಜೊತೆ ದಾರಿಯಲ್ಲಿ ಇಳಿದು, ಇಲ್ಲೊಂದು, ಇಲ್ಲೊಂದು, ಇಲ್ಲೊಂದು ಎಂದು ಮೂರು ಕಂಬ ನೆಡಿಸಿ ಮೂರು ಎಲ್‌ಇಡಿ ಬಲ್ಬ್ ಹಾಕಿಸಿದ. ದಾಸವಾಳದ ಬುಡದಲ್ಲಿ ಕೂರಲು ಒಂದು ಚಪ್ಪಡಿ ಕಲ್ಲು ಹಾಕಿಸಿದ. ಈಗ ದನಗಳಿಗೆ ಹುಲ್ಲು ಹಾಕುವುದು ಬಹುತೇಕ ಅಪ್ಪನೇ. ಆದರೂ ಅಮ್ಮ ಒಂದು ಸಲ ಹೋಗಿ ನೋಡಿ ಬಾರದಿದ್ದರೆ ಹಸುವಿಗೂ ನಿದ್ದೆ ಇಲ್ಲ, ಅವಳಿಗೂ ನಿದ್ದೆ ಇಲ್ಲ. ಚಪ್ಪಡಿಯ ಮೇಲೆ ಅವಳು ಕೂತದ್ದನ್ನು ಇದುವರೆಗೆ ಕಂಡಿಲ್ಲ. ಹೂ ಕೊಯ್ದ ಬುಟ್ಟಿ ಇಡುತ್ತಾಳೆ.

ಆ ಮೂರು ಬಲ್ಬುಗಳಿಂದಾಗಿ ನಮ್ಮ ಅಂಗಳದಲ್ಲಿ ನಕ್ಷತ್ರಗಳ ಚಿತ್ರ ತೆಗೆಯುವುದು ಮುಗಿಯಿತು. ಹತ್ತು ನಿಮಿಷ ಶಟರ್ ತೆರೆದಿಟ್ಟರೂ ಕೆಳಗಿನ ಅರ್ಧ ಚಿತ್ರ ಬೆಳ್ಳಗಾಗುತ್ತದೆ. ಈ ಜನವರಿಯಲ್ಲಿ ಟ್ರೈಪಾಡ್ ಹೊತ್ತುಕೊಂಡು ತೋಟ ದಾಟಿ ಆಚೆಯ ಗದ್ದೆಗೆ ಹೋದೆ. ಅಲ್ಲಿ ಉತ್ತರದ ಕಡೆ ಮರಗಳಿಲ್ಲ, ಧ್ರುವ ನಕ್ಷತ್ರವೂ ಕಾಣುತ್ತದೆ. ಹಿಂದೆ ತಿರುಗಿದರೆ ಅಡಿಕೆ ಮರಗಳ ನಡುವೆ ಮನೆಯ ಕಡೆಯಿಂದ ಬಿಳಿಯ ಬೆಳಕು ಸೋರುತ್ತಿರುತ್ತದೆ. ಆ ಬೆಳಕಿಗೆ ನನ್ನ ಚಿತ್ರ ಕೆಡುತ್ತದೆ. ಹಾಗಾಗಿ ಎಲ್ಲ ಅಣಿ ಮಾಡಿಟ್ಟು ಕಾಯುತ್ತೇನೆ. ಒಂಬತ್ತರ ಸುಮಾರಿಗೆ ಅಮ್ಮ ಕೊಟ್ಟಿಗೆಯಿಂದ ಬಂದು, ಜಗಲಿ ಹತ್ತಿ, ಸ್ವಿಚ್ ಆರಿಸುತ್ತಾಳೆ. ಮರಗಳ ನಡುವೆ ಕತ್ತಲು ಬೀಳುತ್ತದೆ. ಆಮೇಲೆ ಶಟರ್ ತೆರೆಯುತ್ತೇನೆ.